ಪಿಟೀಲು ನುಡಿಸುತ್ತ ಹಾಡುವವಳು ಎರಡು ಸಂಗೀತಗಳನ್ನು ಬೆರೆಸಿ ಬದುಕಬಹುದೇ?

ಪ್ರಶ್ನೆ – ಮೈಸೂರು ಪಿಟೀಲು

ಎಲ್ಲರಿಗೂ ನಮಸ್ಕಾರ. ನಾನು ಒಂಬತ್ತನೆಯ ವಯಸ್ಸಿನಿಂದ ಕರ್ನಾಟಕ ಪದ್ಧತಿಯ ಪಿಟೀಲು ಕಲಿತವಳು. ಹಾಡುಗಾರಿಕೆಯ ಪಾಠವೂ ಜೊತೆಜೊತೆಗೇ ಆಗಿದೆ. ಆಕಾಶವಾಣಿಯಲ್ಲಿ ‘ಬಿ ಹೈ’ ಶ್ರೇಣಿ ಸಿಕ್ಕಿದೆ. ರಾಮೋತ್ಸವ, ಗಣೇಶೋತ್ಸವಗಳ ದಿನಗಳಲ್ಲಿ ಪಕ್ಕವಾದ್ಯಕ್ಕೆ ಕರೆ ಬರುತ್ತದೆ. ಉಳಿದ ವಾರಾಂತ್ಯಗಳಲ್ಲಿ ಬೆಂಗಳೂರಿನ ಒಂದು ತಂಡದೊಡನೆ, ಗಿಟಾರ್ ಮತ್ತು ಡ್ರಮ್ಸ್ ನಡುವೆ, ವಚನಗಳನ್ನೂ ದಾಸರ ಪದಗಳನ್ನೂ ನುಡಿಸುತ್ತ ಹಾಡುತ್ತೇನೆ. ಈಗಿರುವ ನೌಕರಿಯನ್ನು ಬಿಟ್ಟು ಇದನ್ನೇ ವೃತ್ತಿಯಾಗಿಸಿಕೊಳ್ಳಬೇಕೆಂಬ ಆಸೆಯಿದೆ. ಆದರೆ ನಮ್ಮ ಗುರುಗಳು, ಎರಡು ದೋಣಿಯಲ್ಲಿ ಕಾಲಿಟ್ಟರೆ ಸಂಗೀತ ಸಭೆಗಳವರು ಕರೆಯುವುದನ್ನು ಬಿಡುತ್ತಾರೆ ಎನ್ನುತ್ತಾರೆ. ತಂಡದವರೋ, ನಿಂತು ನುಡಿಸು, ಪಾಶ್ಚಾತ್ಯ ಶ್ರುತಿಗೆ ಬಾ ಎಂದು ಒತ್ತಾಯಿಸುತ್ತಿದ್ದಾರೆ. ನಿಂತು, ಗಲ್ಲದ ಕೆಳಗೆ ವಾದ್ಯವನ್ನಿಟ್ಟುಕೊಂಡರೆ ನನಗೆ ಬಾಯಿಯೇ ತೆರೆಯುವುದಿಲ್ಲ. ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ 1 – ಹಳೆಯ ಪಕ್ಕವಾದ್ಯದವನು

ಗುರುಗಳ ಮಾತು ಹಾಗಿರಲಿ, ತಂಗಿ. ನಿಮ್ಮ ಕೊನೆಯ ಸಂಕಟವೇ ನನಗೆ ಮುಖ್ಯವಾಗಿ ಕಾಣುತ್ತದೆ. ಪಾಶ್ಚಾತ್ಯ ರೀತಿಯಲ್ಲಿ ವಾದ್ಯವನ್ನು ಹಿಡಿದಿರುವುದು ಗಲ್ಲ ಮತ್ತು ಭುಜ. ದವಡೆ ಅಲ್ಲಿ ಕೆಲಸದಲ್ಲಿರುವುದರಿಂದ ಹಾಡಲು ಅದಕ್ಕೆ ಬಿಡುವಿಲ್ಲ. ನಮ್ಮಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು, ಪಿಟೀಲಿನ ತಲೆಯನ್ನು ಬಲಗಾಲಿನ ಹರಡಿನ ಮೇಲಿರಿಸಿ, ಇನ್ನೊಂದು ತುದಿಯನ್ನು ಎದೆಗೆ ಆನಿಸಿಕೊಳ್ಳುವುದರಿಂದ ಎಡಗೈ ಗಮಕಕ್ಕೆ (ಸ್ವರವನ್ನು ತೂಗಿ ಜಾರಿಸುವುದಕ್ಕೆ) ಸಲೀಸಾಗಿ ಜಾರುತ್ತದೆ, ಕಂಠವೂ ಮುಕ್ತವಾಗಿರುತ್ತದೆ. ನುಡಿಸುತ್ತ ಹಾಡುವವರಿಗೆ ಇದಕ್ಕಿಂತ ಒಳ್ಳೆಯ ಆಸನ ಇಲ್ಲ. ವೇದಿಕೆಯ ಮೇಲೆ ಒಂದಡಿ ಎತ್ತರದ ಮಣೆ ಹಾಕಿಸಿಕೊಂಡು ಕುಳಿತೇ ನುಡಿಸಿ. ಡ್ರಮ್ಸ್‌ನವರು ಕುಳಿತಿರುವುದನ್ನು ಯಾರೂ ಆಕ್ಷೇಪಿಸುವುದಿಲ್ಲವಲ್ಲ!

ಶ್ರುತಿಯ ವಿಷಯ. ನೀವು ಐದು ಮನೆ ಶ್ರುತಿಯಲ್ಲಿ (ಪಾಶ್ಚಾತ್ಯರ ಜಿ ಸ್ವರವೇ ಷಡ್ಜವಾಗಿ) ಹಾಡುವವರಾದರೆ ನಿಮ್ಮ ತಂತಿಗಳು ಮಂದ್ರದಿಂದ ಮೇಲಕ್ಕೆ ಜಿ, ಡಿ, ಜಿ, ಡಿ ಎಂದಿರುತ್ತವೆ. ಪಾಶ್ಚಾತ್ಯರದು ಜಿ, ಡಿ, ಎ, ಇ. ಕೆಳಗಿನ ಎರಡು ತಂತಿಗಳು ಒಂದೇ. ಮೇಲಿನ ಎರಡು ಮಾತ್ರ ಎರಡೆರಡು ಸ್ವರಸ್ಥಾನದಷ್ಟು ಇಳಿದಿವೆ. ಅದಕ್ಕಾಗಿ ಕಚೇರಿಯ ನಡುವೆ ಬಿರಡೆ ತಿರುಗಿಸುತ್ತ ಕೂರಬೇಡಿ, ಏರಿಸಿದ ತಂತಿ ಹತ್ತು ನಿಮಿಷ ನಿಲ್ಲುವುದಿಲ್ಲ. ಎರಡನೆಯ ಪಿಟೀಲೊಂದನ್ನು ಪಾಶ್ಚಾತ್ಯ ಶ್ರುತಿಯಲ್ಲೇ ಇಟ್ಟುಕೊಳ್ಳಿ. ಒಂದು ಮನೆ ಶ್ರುತಿಯಲ್ಲಿ (ಸಿ) ತಗ್ಗಿಸಿ ಹಾಡುವ ಗಾಯಕರಿಗೆ ಪಕ್ಕವಾದ್ಯ ನುಡಿಸುವಾಗ ದಪ್ಪ ತಂತಿಯ ಬೇರೆ ವಾದ್ಯ ಹೇಗೂ ಬೇಕಾಗುತ್ತದೆ.

ಇನ್ನು ಬೆರೆಸುವುದು. ಮೋಹನ, ಹಂಸಧ್ವನಿ ರಾಗಗಳು ಗಿಟಾರಿನ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಮೇಲೆ ಸುಲಭವಾಗಿ ಕೂರುತ್ತವೆ, ಅದಕ್ಕೇ ಎಲ್ಲ ತಂಡಗಳೂ ಅವುಗಳನ್ನೇ ಹಿಡಿದು ಸವೆಸಿವೆ. ತೋಡಿ ರಾಗದ ಗಾಂಧಾರವಾದರೋ ಕಂಪಿಸುತ್ತಲೇ ಬದುಕುವ ಸ್ವರ. ಅದರ ಕೆಳಗೆ ಕೀಬೋರ್ಡಿನವರು ಕದಲದ ಕಾರ್ಡೊಂದನ್ನು ಒತ್ತಿ ಹಿಡಿದರೆ, ಸರಿಯಾಗಿ ನುಡಿಸುತ್ತಿರುವ ನೀವೇ ಅಪಶ್ರುತಿ ಎನಿಸಿಬಿಡುತ್ತೀರಿ. ಅಂಥಲ್ಲಿ ಷಡ್ಜ ಪಂಚಮಗಳನ್ನು (ಸ, ಪ) ಮಾತ್ರ ಹಿಡಿಯಿರಿ ಎಂದು ಅವರಿಗೆ ಹೇಳುವ ಅಧಿಕಾರ ತಂಡದಲ್ಲಿ ನಿಮಗಿದೆಯೇ? ನೌಕರಿ ಬಿಡುವ ಮುನ್ನ ಇದನ್ನು ಖಚಿತಪಡಿಸಿಕೊಳ್ಳಿ.

ಉತ್ತರ 2 – ಕೇಳುಗ

ಗುರುಗಳ ಆತಂಕದ ಕುರಿತು ಒಂದೆರಡು ಮಾತು. ಪಿಟೀಲೇ ನಮ್ಮಲ್ಲಿಗೆ ಬೆರಕೆಯ ಹಾದಿಯಲ್ಲಿ ಬಂದ ವಾದ್ಯ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ಐರೋಪ್ಯ ವಾದಕರಿಂದ ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ತಿರುಮಕೂಡಲಿನ ಚೌಡಯ್ಯನವರು, ಧ್ವನಿವರ್ಧಕವಿಲ್ಲದ ಸಭೆಗಳಲ್ಲಿ ಪಿಟೀಲಿನ ನಾದ ಹಿಂದಿನ ಸಾಲಿಗೆ ಮುಟ್ಟುತ್ತಿರಲಿಲ್ಲವೆಂದು ಅದಕ್ಕೆ ಏಳು ತಂತಿ ಕಟ್ಟಿದರು.

ನಿಮ್ಮ ಹಾದಿಗೆ ತೀರ ಹತ್ತಿರದ ಉದಾಹರಣೆ ಎಲ್. ಶಂಕರ್ ಅವರದು. 1950ರಲ್ಲಿ ಮದ್ರಾಸಿನಲ್ಲಿ ಹುಟ್ಟಿ ಜಾಫ್ನಾದಲ್ಲಿ ಬಾಲ್ಯ ಕಳೆದ ಅವರು ತಂದೆ ವಿ. ಲಕ್ಷ್ಮೀನಾರಾಯಣ ಅವರಲ್ಲಿ ಹಾಡುಗಾರಿಕೆಯನ್ನೂ ಪಿಟೀಲನ್ನೂ ಕಲಿತು, ಅಮೆರಿಕಕ್ಕೆ ಹೋಗಿ, 1975ರ ಹೊತ್ತಿಗೆ ಗಿಟಾರಿನ ಜಾನ್ ಮೆಕ್‌ಲಾಫ್ಲಿನ್, ತಬಲಾದ ಜಾಕಿರ್ ಹುಸೇನ್, ಘಟದ ವಿಕ್ಕು ವಿನಾಯಕರಾಂ ಅವರೊಡನೆ ‘ಶಕ್ತಿ’ ತಂಡದಲ್ಲಿದ್ದರು. ಮುಂದೆ ಫ್ರಾಂಕ್ ಜಪ್ಪಾ, ಪೀಟರ್ ಗೇಬ್ರಿಯಲ್ ಮುಂತಾದ ರಾಕ್ ಸಂಗೀತಗಾರರ ಜೊತೆಗೂ ದುಡಿದರು. ಹತ್ತು ತಂತಿಗಳ ಜೋಡಿ ಪಿಟೀಲನ್ನು ಮಾಡಿಸಿಕೊಂಡರು. ಅದೇ ಶಂಕರ್ 1980ರಲ್ಲಿ ಉಮಯಾಳಪುರಂ ಶಿವರಾಮನ್ ಅವರ ಮೃದಂಗದೊಡನೆ, ಕರ್ನಾಟಕ ಸಂಗೀತದ ಪ್ರೌಢ ಪ್ರಕಾರವಾದ ರಾಗ ತಾನ ಪಲ್ಲವಿಯನ್ನು ಧ್ವನಿಮುದ್ರಿಸಿದರು. ತಮ್ಮ ಮೂಲ ದೋಣಿ ಎಲ್ಲಿದೆಯೆಂದು ಅವರಿಗೆ ಸದಾ ಗೊತ್ತಿತ್ತು ಎಂಬುದು ನನ್ನ ಎಣಿಕೆ. ಸಭೆಯವರು ದೂರವಿಡುವುದು ಗಿಟಾರಿನ ಜೊತೆ ಕುಳಿತವರನ್ನಲ್ಲ, ಪಕ್ಕಕ್ಕೆ ಕುಳಿತಾಗ ಗಾಯಕರ ನೆರವಲು (ಒಂದು ಸಾಲನ್ನೇ ಬಗೆಬಗೆಯಾಗಿ ಬೆಳೆಸುವುದು) ಹಿಡಿಯಲಾರದೆ ಹೋದವರನ್ನು.

ಉತ್ತರ 3 – ಸ್ಟುಡಿಯೋದವಳು

ಮೇಲಿನವರು ನಾದದ ಮಾತಾಡಿದ್ದಾರೆ, ನಾನು ಕಾಸಿನ ಮಾತಾಡುತ್ತೇನೆ. ಸ್ವತಂತ್ರ ಕಲಾವಿದೆಯಾಗಿ ನಾನು ಹನ್ನೊಂದು ವರ್ಷ ಕಳೆದಿದ್ದೇನೆ. ಮನೆಯ ಬಾಡಿಗೆ ಕಟ್ಟಿದ್ದು ಬಹುಪಾಲು ಆನ್‌ಲೈನ್ ಪಾಠ ಮತ್ತು ಧ್ವನಿಮುದ್ರಣ, ವೇದಿಕೆಯಲ್ಲ. ಆಷಾಢದಲ್ಲಿ ಮದುವೆಗಳೂ ಇರುವುದಿಲ್ಲ, ಆ ತಿಂಗಳಿಗೆಂದು ಮೊದಲೇ ಎತ್ತಿಡಬೇಕು. ಮೊದಲ ವರ್ಷ ಒಬ್ಬ ಆಯೋಜಕರು ಬಾಯಿಮಾತಿನಲ್ಲಿ ಒಪ್ಪಿದ ಸಂಭಾವನೆಯ ಬದಲು ಶಾಲು, ಹಾರ ಮತ್ತು ಫಲತಾಂಬೂಲ ಕೊಟ್ಟು ಕಳಿಸಿದರು. ಅಂದಿನಿಂದ ಅರ್ಧ ಹಣ ಮುಂಗಡ ಬಾರದೆ ನಾನು ಪೆಟ್ಟಿಗೆಯನ್ನೇ ತೆರೆಯುವುದಿಲ್ಲ.

ಬೆರಕೆಯವರಿಗೇ ತಟ್ಟುವ ಒಂದು ತೊಡಕಿದೆ. ಶಾಸ್ತ್ರೀಯ ಅಥವಾ ಜಾನಪದ ಪ್ರದರ್ಶನಕ್ಕೆ ಪಡೆಯುವ 1.5 ಲಕ್ಷ ರೂಪಾಯಿವರೆಗಿನ ಸಂಭಾವನೆಗೆ ಜಿಎಸ್‌ಟಿ ವಿನಾಯಿತಿ ಇದೆ. ಫ್ಯೂಷನ್ ಆ ಮಾತಿನೊಳಗೆ ಬರುತ್ತದೆಂದು ನಂಬಿ ಕೂರಬೇಡಿ. ವರ್ಷದ ಒಟ್ಟು ಸಂಪಾದನೆ 20 ಲಕ್ಷದ ಸಮೀಪ ಬಂದಾಗ ಲೆಕ್ಕಪರಿಶೋಧಕರನ್ನು ಕೇಳಿ. ದೊಡ್ಡ ಸಂಸ್ಥೆಗಳು ಟಿಡಿಎಸ್ (ಮೂಲದಲ್ಲೇ ಹಿಡಿಯುವ ಆದಾಯ ತೆರಿಗೆ) ಎಂದು ಶೇಕಡಾ 10 ಮುರಿದುಕೊಂಡಿರುತ್ತವೆ, ರಿಟರ್ನ್ಸ್ ಸಲ್ಲಿಸದಿದ್ದರೆ ಆ ಹಣ ಹಿಂದಕ್ಕೆ ಬಾರದು. ಮತ್ತೊಂದು: ವಚನಕ್ಕೆ ನೀವೇ ಹೊಸ ರಾಗಸಂಯೋಜನೆ ಮಾಡಿದ್ದರೆ, ಸಾಹಿತ್ಯ ಹಳೆಯದಾದರೂ ಆ ಸಂಗೀತ ನಿಮ್ಮದು. 2012ರ ಹಕ್ಕುಸ್ವಾಮ್ಯ ತಿದ್ದುಪಡಿಯ ನಂತರ ಸಂಯೋಜಕರ ರಾಯಧನಕ್ಕೆ ಗಟ್ಟಿ ರಕ್ಷಣೆಯಿದೆ. ರಾಯಧನ ಸಂಗ್ರಹಿಸಿ ಹಂಚುವ ಸಂಸ್ಥೆಯಾದ ಐಪಿಆರ್‌ಎಸ್‌ನ ಸದಸ್ಯತ್ವ ಪಡೆಯಿರಿ. ‘ಸಂಯೋಜನೆ: ತಂಡ’ ಎಂದು ಬರೆಸಿಕೊಳ್ಳುವ ಮುನ್ನ ಯೋಚಿಸಿ.

ಮೈಸೂರು ಪಿಟೀಲು

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆಯ ಅಭ್ಯಾಸದಲ್ಲಿ ಮಣೆ ಹಾಕಿಕೊಂಡು ಕುಳಿತೇ ನುಡಿಸಿದೆ, ಕೀಬೋರ್ಡಿನವರು ಷಡ್ಜ ಪಂಚಮಕ್ಕೆ ಒಪ್ಪಿದರು. ಸಂಯೋಜನೆ ಯಾರದೆಂದು ಬರೆಯುವ ಮಾತೆತ್ತಿದಾಗ ಮಾತ್ರ ಎಲ್ಲರೂ ಸುಮ್ಮನಾದರು. ಅದು ತೀರ್ಮಾನವಾಗುವವರೆಗೆ ರಾಜೀನಾಮೆ ಪತ್ರವನ್ನು ಕೊಡುವುದಿಲ್ಲ.