ಹ್ರೀಂ, ಕ್ಲೀಂ: ಸೊನ್ನೆಯನ್ನು 'ಮ್' ಅನ್ನಬೇಕಾ, 'ಙ್' ಅನ್ನಬೇಕಾ?

ಪ್ರಶ್ನೆ: ನಮಸ್ಕಾರ ಗುರುಗಳೇ. ನಮ್ಮ ಮನೆ ಪುರೋಹಿತರು ನವರಾತ್ರಿಗೆ ಮೊದಲು ನನಗೆ ನವಾರ್ಣ ಮಂತ್ರ ಉಪದೇಶ ಮಾಡಿದ್ದಾರೆ. 'ಐಂ ಹ್ರೀಂ ಕ್ಲೀಂ ಚಾಮುಂಡಾಯೈ ವಿಚ್ಚೇ.' ಅವರು ಐಂ, ಹ್ರೀಂ, ಕ್ಲೀಂ ಅನ್ನುವ ಪ್ರತಿ ಬೀಜದ (ಒಂದೇ ಅಕ್ಷರದ ಮಂತ್ರದ) ಕೊನೆಗೆ ತುಟಿ ಮುಚ್ಚಿ 'ಮ್' ಅನ್ನುತ್ತಾರೆ. ಯೂಟ್ಯೂಬಲ್ಲಿ ಕೆಲವರು 'ಹ್ರೀಙ್, ಕ್ಲೀಙ್' ಅಂತಾರೆ. ಇದರ ಮಧ್ಯೆ ನಮ್ಮ ಅತ್ತಿಗೆ ವಾಟ್ಸಾಪಿನಲ್ಲಿ ಒಂದು ಮೆಸೇಜ್ ಕಳಿಸಿದ್ದಾರೆ. ಉಚ್ಚಾರ ತಪ್ಪಿದರೆ ಮಂತ್ರ ತಿರುಗಿ ಹೊಡೆಯುತ್ತದಂತೆ. ಈಗ ಜಪಕ್ಕೆ ಕೂರೋಕೇ ಭಯ. ಯಾವುದು ಸರಿ?

ಉತ್ತರ (ಸಂಸ್ಕೃತ ಪಾಠಶಾಲೆಯ ಅಧ್ಯಾಪಕರು): ಮೊದಲು ಭಯ ಬಿಡಿ ತಾಯಿ. ಆ ಮೆಸೇಜ್ ಹುಟ್ಟಿದ್ದು 'ಇಂದ್ರಶತ್ರು' ಕಥೆಯಿಂದ. ತ್ವಷ್ಟೃ ಇಂದ್ರನನ್ನು ಕೊಲ್ಲುವ ಮಗ ಬೇಕು ಅಂತ ಹೋಮ ಮಾಡಿದ. ಆ ಪದದ ಸ್ವರ ತಪ್ಪಿತು. ಅರ್ಥ ತಿರುಗಿ, ಇಂದ್ರನಿಂದಲೇ ಸಾಯುವ ವೃತ್ರ ಹುಟ್ಟಿದ. ಅದು ವೇದದ ಉದಾತ್ತ, ಅನುದಾತ್ತದ, ಅಂದರೆ ದನಿ ಏರಿಸಿ ಇಳಿಸಿ ಹೇಳುವ ಸ್ವರದ ಮಾತು. ನೀವು ಮಾಡುವ ಬೀಜಜಪಕ್ಕೆ ಆ ಏರಿಳಿತ ಇಲ್ಲ. ಹಾಗಂತ ಹೇಗೆ ಬೇಕಾದರೂ ಹೇಳಬಹುದು ಅಂತಲ್ಲ. ಈ ಕಥೆ ಬರುವ, ಪಾಣಿನೀಯ ಶಿಕ್ಷೆ ಅನ್ನುವ ಉಚ್ಚಾರಣೆಯ ಗ್ರಂಥದ ಶ್ಲೋಕವೇ ಸ್ವರದ ಜೊತೆಗೆ ವರ್ಣವನ್ನೂ ಹೇಳುತ್ತದೆ. ಅಕ್ಷರ ಸರಿ ಇರಬೇಕು.

'ಮ್', 'ಙ್' ಜಗಳ ಸುಮ್ನೆ. ಬಂಗಾಳಿಗಳ ಬಾಯಲ್ಲಿ ಸೊನ್ನೆ ಸಾಮಾನ್ಯವಾಗಿ 'ಙ್' ಆಗುತ್ತದೆ. ನಮ್ಮ ಕಡೆ ಪದದ ಕೊನೆಯ ಸೊನ್ನೆ 'ಮ್'. ಎರಡೂ ಆಯಾ ಕಡೆಯ ಪಾಠ. ನಿಮಗೆ ಉಪದೇಶ ಕೊಟ್ಟವರು ಹೇಗೆ ಹೇಳಿದರೋ ಹಾಗೇ ಹೇಳಿ. ಯೂಟ್ಯೂಬಿನವರು ನಿಮ್ಮ ಗುರುಗಳಲ್ಲ, ಅಲ್ವಾ?

ನಾನು ನೋಡಿದಂತೆ ನಮ್ಮವರು ಎಡವುವುದು ಸೊನ್ನೆಯಲ್ಲಿ ಅಲ್ಲ, ಒತ್ತಕ್ಷರದಲ್ಲಿ. ಕನ್ನಡಿಗರು ಬ್ರಹ್ಮವನ್ನು 'ಬ್ರಮ್ಹ' ಅಂತಾರೆ, ಚಿಹ್ನೆಯನ್ನು 'ಚಿನ್ಹೆ' ಅಂತಾರೆ. 'ಹ' ಹಿಂದಕ್ಕೆ ಜಾರುತ್ತದೆ. ಅದೇ ರೂಢಿಯಲ್ಲಿ ಹ್ರೀಂ ಹೋಗಿ 'ರ್ಹೀಂ' ಅಥವಾ ಬರೀ 'ರೀಂ' ಆಗುತ್ತದೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಹೇಳಿ ನೋಡಿ. ಮೊದಲು ಉಸಿರು ಕೈಗೆ ತಾಗಬೇಕು, ಆಮೇಲೆ ನಾಲಗೆ 'ರ'ಕ್ಕೆ ಏಳಬೇಕು. ದೇವಿ ಅಥರ್ವಶೀರ್ಷದಲ್ಲೂ ಈ ಬೀಜವನ್ನು ಬಿಡಿಸಿ ಹೇಳಿದೆ. ವಿಯತ್ ಅಂದರೆ ಹಕಾರ, ವೀತಿಹೋತ್ರ ಅಂದರೆ ರಕಾರ, ಜೊತೆಗೆ ಈಕಾರ, ಮೇಲೆ ಅರ್ಧಚಂದ್ರ.

ಇನ್ನೊಂದು ತಪ್ಪು, ಒತ್ತಕ್ಷರದ ನಡುವೆ ಸ್ವರ ತೂರಿಸುವುದು. ಕ್ಲಾಸನ್ನು 'ಕಿಲಾಸು' ಮಾಡಿದ ಹಾಗೆ 'ಹಿರೀಂ, ಕಿಲೀಂ' ಅನ್ನುತ್ತಾರೆ. ಬೆರಳಲ್ಲಿ ಎಣಿಸಿ: ಐಂ, ಹ್ರೀಂ, ಕ್ಲೀಂ, ಚಾ, ಮುಂ, ಡಾ, ಯೈ, ವಿ, ಚ್ಚೇ. 9 ಅಕ್ಷರ, ಅದಕ್ಕೇ ನವಾರ್ಣ. ಹಿರೀಂ, ಕಿಲೀಂ ಅಂದರೆ 11 ಆಗುತ್ತದೆ! 'ಈ' ದೀರ್ಘವಾಗಿರಲಿ. 'ಲ' ಜಾರಿ 'ರ' ಆಗದಿರಲಿ. ಕ್ರೀಂ ಅನ್ನುವುದು ಕಾಳಿಯ ಬೀಜ, ಅದು ಬೇರೆಯೇ.

ಮತ್ತೊಬ್ಬರು: ಸರ್, ನಾವು ಟೆಕ್ಸಾಸ್‌ನಲ್ಲಿದ್ದೇವೆ. ಮಕ್ಕಳು ಇಂಗ್ಲಿಷ್ ಅಕ್ಷರದಲ್ಲಿ ಓದಿ 'ಗ್ಯಾಮ್ ಗಣಪತಯೇ' ಅಂತಾರೆ. ನನ್ನ ಗಂಡ ಅವಸರದಲ್ಲಿ 'ಗಙ್ಗಣಪತಯೇ' ಅಂತಾರೆ. ಇಬ್ಬರನ್ನೂ ತಿದ್ದಬೇಕಾ?

ಉತ್ತರ: ಮಕ್ಕಳನ್ನು ತಿದ್ದಿ ಅಮ್ಮ. ಗಣಪತಿ ಅಥರ್ವಶೀರ್ಷದಲ್ಲಿ ಸ್ಪಷ್ಟವಾಗಿದೆ: ಮೊದಲು ಗಕಾರ, ಮಧ್ಯೆ ಅಕಾರ, ಕೊನೆಗೆ ಅನುಸ್ವಾರ. 'ಆ್ಯ'ಕ್ಕೆ ಅಲ್ಲಿ ಜಾಗವೇ ಇಲ್ಲ. ಕನ್ನಡದಲ್ಲಿ ದೊಡ್ಡದಾಗಿ 'ಗಂ' ಬರೆದು ದೇವರ ಮನೆಯಲ್ಲಿ ಅಂಟಿಸಿ. ಬರೀ 2 ಗುರುತು, ಒಂದು ದಿನದಲ್ಲಿ ಕಲಿಯುತ್ತಾರೆ.

ಯಜಮಾನರದ್ದು ತಪ್ಪಲ್ಲ. ಪದದ ಕೊನೆಯ ಸೊನ್ನೆ ಮುಂದಿನ ಅಕ್ಷರಕ್ಕೆ ಹೊಂದಿಕೊಳ್ಳಬಹುದು, ಹೊಂದಿಕೊಳ್ಳದೆಯೂ ಇರಬಹುದು ಅಂತ ಪಾಣಿನಿಯೇ ಬಿಟ್ಟಿದ್ದಾನೆ. ಆದರೂ ಜಪದಲ್ಲಿ ಬೀಜವನ್ನು ಬಿಡಿಯಾಗಿ ನಿಲ್ಲಿಸುವುದೇ ನನಗೆ ಇಷ್ಟ. 'ಗಮ್' ಅಂತ ತುಟಿ ಮುಚ್ಚಿ, ಮೂಗಿನಲ್ಲಿ ನಾದ ಒಂದು ಕ್ಷಣ ಉಳಿಸಿ, ಆಮೇಲೆ 'ಗಣಪತಯೇ'. ಅವಸರ ಮಾತ್ರ ಬಿಡಲಿ. ಓಡಿಸಿ ಓದುವವನನ್ನು ಪಾಣಿನೀಯ ಶಿಕ್ಷೆ ಕೆಟ್ಟ ಪಾಠಕರ ಸಾಲಿಗೇ ಸೇರಿಸಿದೆ. ರಾಗ ಎಳೆಯುವವನೂ, ತಲೆ ಅಲ್ಲಾಡಿಸುವವನೂ ಅದೇ ಸಾಲಿನಲ್ಲಿದ್ದಾರೆ. ಹಾಗೆ ನೋಡಿದರೆ ಯೂಟ್ಯೂಬಿನಲ್ಲಿ ಅರ್ಧ ಜನ ಹೊರಗೆ!

ಮತ್ತೊಂದು ಪ್ರಶ್ನೆ: ಗುರುಗಳೇ, ನಮ್ಮ ಅಮ್ಮನಿಗೆ ಹಲ್ಲಿನ ಸೆಟ್ ಹಾಕಿಸಿದ ಮೇಲೆ ಹ್ರೀಂ 'ಹೀಂ' ಆಗುತ್ತಿದೆ, ಶ್ರೀಂ ಅಂತೂ ಬರುವುದೇ ಇಲ್ಲ. ಎಷ್ಟೋ ವರ್ಷದ ಜಪ. ನಿಲ್ಲಿಸಿಬಿಡ್ತೀನಿ ಅಂತ ಹಟ ಹಿಡಿದಿದ್ದಾರೆ.

ಉತ್ತರ: ನಿಲ್ಲಿಸುವುದು ಬೇಡ ಅನ್ನಿ. ಜಪದಲ್ಲಿ 3 ಬಗೆ: ಕೇಳುವ ಹಾಗೆ ಹೇಳುವ ವಾಚಿಕ, ತುಟಿ ಮಾತ್ರ ಆಡುವ ಉಪಾಂಶು, ಮನಸ್ಸಿನಲ್ಲೇ ಮಾಡುವ ಮಾನಸ. ಮನುಸ್ಮೃತಿ ಲೆಕ್ಕದಲ್ಲಿ ವಿಧಿಯಜ್ಞಕ್ಕಿಂತ (ಶಾಸ್ತ್ರದ ವಿಧಿಯಂತೆ ಮಾಡುವ ಯಜ್ಞಕ್ಕಿಂತ) ಜಪ 10 ಪಟ್ಟು ಹೆಚ್ಚು, ಉಪಾಂಶು 100 ಪಟ್ಟು, ಮಾನಸ 1000 ಪಟ್ಟು. ಇಷ್ಟು ವರ್ಷ ಹೇಳಿದ ಮಂತ್ರ ಮನಸ್ಸಿನಲ್ಲಿ ಸರಿಯಾಗೇ ಕೇಳಿಸುತ್ತದೆ, ಅಲ್ಲಿ ಹಲ್ಲಿನ ಸೆಟ್ ಅಡ್ಡ ಬರುವುದಿಲ್ಲ. ಜಪಸರ ಹಿಡಿದು ಮೌನವಾಗಿ ಮಾಡಲಿ. ಹೊರಗೆ ಹೇಳಲೇಬೇಕು ಅನ್ನಿಸಿದರೆ 'ದುರ್ಗಾ, ದುರ್ಗಾ' ಅನ್ನಲಿ, ಅದಕ್ಕೆ ಯಾವ ಕಟ್ಟುಪಾಡೂ ಇಲ್ಲ.