ಕರಗಿದ ದವಡೆ ಎಲುಬು ಮತ್ತೆ ಬೆಳೆಯುತ್ತಾ?

ಪ್ರಶ್ನೆ (ಗದಗ): ನಮಸ್ಕಾರ ಮೇಡಂ. ನಮ್ಮ ಅವ್ವನಿಗೆ 52 ವರ್ಷ, ಶುಗರ್ ಇದೆ. ಹಲ್ಲಿಗೆ ಮಿಶ್ರಿ (ತಂಬಾಕಿನ ಪುಡಿ) ಹಚ್ಚುವ ರೂಢಿ ಮೊದಲಿನಿಂದಲೂ ಇದೆ. ಕೆಳಗಿನ ದವಡೆ ಹಲ್ಲೊಂದು ಸ್ವಲ್ಪ ಅಲ್ಲಾಡುತ್ತಿದೆ. ಎಕ್ಸ್‌ರೇ ನೋಡಿದ ಡಾಕ್ಟರು, ಎಲುಬು ಕರಗಿದೆ, ಗ್ರೋತ್ ಫ್ಯಾಕ್ಟರ್ ಹಾಕಿದರೆ ಮತ್ತೆ ಬರುತ್ತೆ ಅಂದರು. ಖರ್ಚು ಜಾಸ್ತಿ. ಮಾಡಿಸೋಣವೋ, ಹಲ್ಲು ಕೀಳಿಸಿಬಿಡೋಣವೋ?

ಉತ್ತರ (ಒಸಡಿನ ಡಾಕ್ಟರ್, ಧಾರವಾಡ): ಕೀಳಿಸುವ ಅವಸರ ಬೇಡ. ಸ್ವಲ್ಪ ಅಲ್ಲಾಡುವ ಹಲ್ಲು ಎಷ್ಟೋ ಸಲ ಉಳಿಯುತ್ತದೆ.

ಗ್ರೋತ್ ಫ್ಯಾಕ್ಟರ್ ಅಂದರೆ ನಮ್ಮ ಮೈಯಲ್ಲೇ ಇರುವ ಪ್ರೋಟೀನು. ಗಾಯವಾದಾಗ ರಕ್ತದ ಪ್ಲೇಟ್‌ಲೆಟ್‌ಗಳು ಅದನ್ನು ಬಿಡುತ್ತವೆ, ಸುತ್ತಲಿನ ಜೀವಕೋಶಗಳು ಅಲ್ಲಿಗೆ ಬಂದು ಬೆಳೆಯುತ್ತವೆ. ಪಿಡಿಜಿಎಫ್ ಎಂಬ ಪ್ರೋಟೀನನ್ನು ಯೀಸ್ಟ್‌ನಲ್ಲಿ ತಯಾರಿಸಿ, ಅದರಲ್ಲಿ ಗ್ರಾಫ್ಟ್ ಪುಡಿ (ಎಲುಬು ಕರಗಿದ ಜಾಗಕ್ಕೆ ತುಂಬುವ ಪುಡಿ) ನೆನೆಸಿ ಹಾಕುವ ವಿಧಾನಕ್ಕೆ ಅಮೆರಿಕದಲ್ಲಿ 2005ರಲ್ಲೇ ಒಪ್ಪಿಗೆ ಸಿಕ್ಕಿದೆ. ಇನ್ನೊಂದು ಪಿಆರ್‌ಎಫ್, ಅಂದರೆ ರೋಗಿಯ ರಕ್ತದಿಂದಲೇ ಮಾಡುವ ಪ್ಲೇಟ್‌ಲೆಟ್ ಗಡ್ಡೆ, ಇದಕ್ಕೆ ಖರ್ಚು ಕಡಿಮೆ. ತೋಳಿನಿಂದ 10 ಎಂಎಲ್‌ನಷ್ಟು ರಕ್ತ ತೆಗೆದು ತಕ್ಷಣ 10–12 ನಿಮಿಷ ಮಷಿನ್‌ನಲ್ಲಿ ತಿರುಗಿಸುತ್ತಾರೆ. ಟ್ಯೂಬಿನ ತಳದಲ್ಲಿ ಕೆಂಪು ರಕ್ತ, ಮೇಲೆ ತಿಳಿ ಹಳದಿ ನೀರು, ನಡುವೆ ಜೆಲ್ಲಿಯಂಥ ಗಡ್ಡೆ. ಆ ಗಡ್ಡೆಯನ್ನು ಒಸಡು ಬಿಡಿಸಿ ಒಳಗೆ ಕೂರಿಸುತ್ತಾರೆ.

ಆದರೆ ಯಾವುದನ್ನು ಹಾಕಿದರು ಅನ್ನುವುದಕ್ಕಿಂತ ಎಲುಬು ಹೇಗೆ ಕರಗಿದೆ ಅನ್ನುವುದು ಮುಖ್ಯ. ಒಂದೇ ಹಲ್ಲಿನ ಪಕ್ಕ ಆಳವಾದ ಗುಂಡಿ ಬಿದ್ದು, ಸುತ್ತ ಎಲುಬಿನ ಗೋಡೆ ಉಳಿದಿದ್ದರೆ ಚೆನ್ನಾಗಿ ತುಂಬಿಕೊಳ್ಳುತ್ತದೆ. ಸಾಲಿಗೆ ಸಾಲೇ ಎಲುಬು ಸಮನಾಗಿ ತಗ್ಗಿದ್ದರೆ ಏನು ಹಾಕಿದರೂ ಮೇಲೇರುವುದು ಕಷ್ಟ. ನಿಮ್ಮ ಡಾಕ್ಟರಿಗೆ ಇದನ್ನೇ ನೇರವಾಗಿ ಕೇಳಿ.

ಮೊದಲು ಒಸಡಿನ ಕೆಳಗಿನವರೆಗೂ ಕ್ಲೀನಿಂಗ್ ಆಗಲಿ. 6–8 ವಾರ ಬಿಟ್ಟು ಪಾಕೆಟ್ (ಹಲ್ಲು-ಒಸಡಿನ ನಡುವಿನ ಸಂದು) ಎಷ್ಟು ಆಳ ಎಂದು ಮತ್ತೆ ಅಳೆಯಬೇಕು. 3 ಮಿಲಿಮೀಟರ್ ಒಳಗಿದ್ದರೆ ಆಪರೇಷನ್ನೇ ಬೇಡ. 6 ಅಥವಾ ಅದಕ್ಕೂ ಆಳ ಉಳಿದಿದ್ದರೆ ಆಗ ಯೋಚಿಸಬೇಕು. ಕ್ಲೀನಿಂಗ್ ಆಗದೆ ಸುಮ್ನೆ ಗ್ರೋತ್ ಫ್ಯಾಕ್ಟರಿಗೆ ದುಡ್ಡು ಸುರಿಯಬೇಡಿ.

ಮಿಶ್ರಿ ಮಾತ್ರ ಇವತ್ತೇ ಬಿಡಿಸಿ. ಅದು ಸುಟ್ಟು ಪುಡಿ ಮಾಡಿದ ತಂಬಾಕೇ ಅಲ್ವಾ? ತಂಬಾಕು ಒಸಡಿನ ಗಾಯ ಮಾಯಲು ಬಿಡುವುದಿಲ್ಲ. ಹಚ್ಚದಿದ್ದರೆ ಹಲ್ಲು ನೋಯುತ್ತವೆ ಎಂದು ಅವ್ವ ಹೇಳಬಹುದು. ಬೈಯಬೇಡಿ, ನಮ್ಮ ಹತ್ತಿರ ಕರೆತನ್ನಿ, ನಾವು ಕೂತು ಮಾತಾಡುತ್ತೇವೆ.

ಪ್ರಶ್ನೆ (ರಾಣೆಬೆನ್ನೂರು): ನಡುವೆ ಕೇಳ್ತಿದ್ದೀನಿ ಮೇಡಂ. ಆ ಪುಡಿ ದನದ ಎಲುಬಿನದು ಅಂತಾರೆ. ನಮ್ಮ ಮನೆಯಲ್ಲಿ ಮಾಂಸ ಮುಟ್ಟಲ್ಲ.

ಉತ್ತರ: ಒಳ್ಳೆಯದಾಯ್ತು ಕೇಳಿದ್ದು. ಕೆಲವು ಪುಡಿ ದನದ ಎಲುಬಿನಿಂದಲೇ ಮಾಡಿದವು. ಇದೇ ಕೆಲಸಕ್ಕೆ ಹಾಕುವ ಎನಾಮಲ್ (ಹಲ್ಲಿನ ಹೊರಪದರ) ಪ್ರೋಟೀನಿನ ಒಂದು ಜೆಲ್ ಹಂದಿಯಿಂದ ಬರುತ್ತದೆ. ಬೇಡವಾದರೆ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಪುಡಿ ಇದೆ, ಅದು ಲ್ಯಾಬಿನದು. ಪಿಆರ್‌ಎಫ್ ಅಂತೂ ನಿಮ್ಮದೇ ರಕ್ತ. ಆಪರೇಷನ್ನಿಗೆ ಮೊದಲೇ ಹೇಳಿ, ಸಂಕೋಚ ಬೇಡ. ಒಳಗೆ ಏನು ಹಾಕುತ್ತಾರೆಂದು ತಿಳಿಯುವ ಹಕ್ಕು ನಿಮಗಿದೆ.

ಪ್ರಶ್ನೆ (ಗದಗ): ಅವ್ವನ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಟೆಸ್ಟ್) 8.6 ಬಂದಿದೆ ಮೇಡಂ. ಎಲುಬು ಬಂದಿದ್ದು ಯಾವಾಗ ಗೊತ್ತಾಗುತ್ತೆ?

ಉತ್ತರ: 8.6 ಜಾಸ್ತಿಯಾಯ್ತು. ಶುಗರ್ ಡಾಕ್ಟರನ್ನು ಕಂಡು 7ರ ಆಸುಪಾಸಿಗೆ ತನ್ನಿ, ಆಮೇಲೆ ಆಪರೇಷನ್ ಮಾತು. ಕ್ಲೀನಿಂಗಿಗೆ ಅದಕ್ಕಾಗಿ ಕಾಯಬೇಡಿ. ಒಸಡಿನ ಸೋಂಕು ಇಳಿದರೆ ಶುಗರ್ ಕೂಡ ಸ್ವಲ್ಪ ಹಿಡಿತಕ್ಕೆ ಬರುತ್ತದೆ. ಆಪರೇಷನ್ ಆದರೆ 6 ತಿಂಗಳಿಂದ ವರ್ಷದೊಳಗೆ ಎಕ್ಸ್‌ರೇಯಲ್ಲಿ ಗೊತ್ತಾಗುತ್ತದೆ. ಗುಂಡಿ ಪೂರ್ತಿ ತುಂಬುವುದು ಅಪರೂಪ. ಒಂದಿಷ್ಟು ತುಂಬಿ ಹಲ್ಲು ಗಟ್ಟಿಯಾದರೂ ನನಗೆ ಸಮಾಧಾನವೇ. ಈಗಿನ ಎಕ್ಸ್‌ರೇ ಜೋಪಾನವಾಗಿಡಿ, ಹೋಲಿಸಿ ನೋಡಲು ಅದೇ ಬೇಕು.