ಐದು ಸ್ಟಾರ್ ಕೊಡಿ ಸಾರ್, ಮಿಕ್ಸಿ ಆಮೇಲೆ ನೋಡೋಣ

"ಬೈದರೂ ಅಡ್ಡಿಯಿಲ್ಲ ಮಾರಾಯಾ, ಕೆಲಸ ಮಾಡಿಕೊಡೋ ಅಂಗಡಿ ಒಂದು ಇದ್ದರೆ ಹೇಳು" ಅಂದ ಸೀನ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಮಂಡಕ್ಕಿ, ಮಿರ್ಚಿ ಮುಂದಿಟ್ಟುಕೊಂಡು ಕೂತಿದ್ದೆವು. ರಿಪ್ಪನ್‌ಪೇಟೆ ಕಡೆ ಇರೋ ಮನೆಗೆ ಅವನು ಹೊಸ ಮಿಕ್ಸಿ ಒಯ್ದಿದ್ದ. ಜಾರು ಸೋರುತ್ತದೆ. ಚಟ್ನಿ ಅರೆದರೆ ಅರ್ಧ ಜಾರಿನಲ್ಲಿ, ಅರ್ಧ ಅಡುಗೆ ಕಟ್ಟೆ ಮೇಲೆ.

ಅಂಗಡಿಯವರು ಬಿಲ್ಲಿನ ಕೆಳಗೆ ಬೆರಳಿಟ್ಟು ತೋರಿಸಿದರಂತೆ: ಮಾರಿದ ಮಾಲು ವಾಪಸ್ ಇಲ್ಲ. ಕಂಪನಿಗೆ ಫೋನ್ ಮಾಡಿ ಸಾರ್, ಅಂದರಂತೆ. ಮಾಡಿದ. ಕನ್ನಡಕ್ಕೆ ಎರಡು ಒತ್ತಿದ, ಹಿಂದಿಯವಳು ಎತ್ತಿದಳು. ಅದಕ್ಕೂ ಮೊದಲು ಅರ್ಧ ಗಂಟೆ ಸಂಗೀತ, ಮಧ್ಯೆ ಮಧ್ಯೆ 'ನಿಮ್ಮ ಕರೆ ನಮಗೆ ಅಮೂಲ್ಯ'.

"ಅಮೂಲ್ಯ ಆದರೆ ಎತ್ತಬಾರದಾ?"

"ಅಮೂಲ್ಯವಾದ್ದನ್ನು ಯಾರಾದ್ರೂ ಮುಟ್ತಾರೇನೋ, ಬೀರುವಿನಲ್ಲಿ ಇಡ್ತಾರೆ" ಅಂದ ನಾಗು.

ಆಮೇಲೆ ವಿಳಾಸ. ಲ್ಯಾಂಡ್‌ಮಾರ್ಕ್ ಏನು? ಅಡಿಕೆ ತೋಟ. ಅದರ ಎದುರಿಗೆ? ಇನ್ನೊಂದು ಅಡಿಕೆ ತೋಟ. ಎರಡು ದಿನ ಬಿಟ್ಟು ಮೆಸೇಜು ಬಂತು: ನಮ್ಮ ಸಿಬ್ಬಂದಿ ಬಂದಿದ್ದರು, ಮನೆಯಲ್ಲಿ ಯಾರೂ ಇರಲಿಲ್ಲ, ದೂರು ಮುಗಿದಿದೆ. "ಆ ಮಳೆಗೆ ನಮ್ಮನೆ ನಾಯಿಯೇ ಜಗಲಿ ಬಿಟ್ಟು ಇಳಿದಿಲ್ಲ, ನಾವು ಎಲ್ಲಿಗೆ ಹೋಗೋದು?" ಅದರ ಹಿಂದೆಯೇ ಒಬ್ಬ ಹುಡುಗ ಫೋನ್ ಮಾಡಿ, ಐದು ಸ್ಟಾರ್ ಕೊಡಿ ಸಾರ್, ಇಲ್ಲಾಂದ್ರೆ ನನ್ನ ದುಡ್ಡು ಕಟ್ ಆಗುತ್ತೆ, ಅಂತ ಗೋಳಾಡಿದ. ಸೀನ ಕೊಟ್ಟೂ ಬಿಟ್ಟ!

ಗಾಂಧಿ ಬಜಾರಿನ ಹಳೇ ಅಂಗಡಿ ಯಜಮಾನರು ಹೀಗಿರಲಿಲ್ಲ ಅನ್ನೋದು ನಾಗುವಿನ ವಾದ. ನಗುತ್ತಿರಲಿಲ್ಲ, ಸಾರ್ ಅನ್ನುತ್ತಿರಲಿಲ್ಲ. "ಸರಿಯಾಗಿ ಹಿಡಿಯೋಕೆ ಬರಲ್ವೇನೋ ನಿಂಗೆ" ಅಂತ ಬೈದು, ಬೈಯುತ್ತಲೇ ಒಳಗಿನಿಂದ ಬೇರೆ ತಂದು ಕೊಡುತ್ತಿದ್ದರು. ನನಗೂ ಹಾಗೇ ಅನ್ನಿಸುತ್ತದೆ. ಈಗ ಮರ್ಯಾದೆ ಜಾಸ್ತಿ, ಕೆಲಸ ಕಮ್ಮಿ. ಎದುರಿಗೆ ನಿಂತ ಹುಡುಗನಿಗೆ ಬದಲಾಯಿಸಿ ಕೊಡುವ ಅಧಿಕಾರ ಇಲ್ಲ, ಅಧಿಕಾರ ಇರುವವನು ಯಾವ ಊರಲ್ಲಿದ್ದಾನೋ ಆ ಹುಡುಗನಿಗೂ ಗೊತ್ತಿಲ್ಲ. ಪಾಪ, ಅವನನ್ನು ಬೈದು ಏನು ಬಂತು? (ಚಿಲ್ಲರೆ ಬದಲು ಚಾಕ್ಲೇಟು ಕೊಡುವವರನ್ನು ಮಾತ್ರ ಧಾರಾಳವಾಗಿ ಬೈಯಬಹುದು.)

ಅಷ್ಟು ಹೊತ್ತು ಸುಮ್ನೆ ಮಿರ್ಚಿ ತಿನ್ನುತ್ತಿದ್ದ ಸದಾಶಿವ ಬಾಯಿ ಒರೆಸಿಕೊಂಡ. ಬಿಲ್ಲಿನಲ್ಲಿ ಏನೇ ಬರೆದಿರಲಿ, ಮಾಲಿನಲ್ಲಿ ದೋಷ ಇದ್ದರೆ ವಾಪಸ್ ತಗೊಳ್ಳಲ್ಲ ಅನ್ನೋ ಹಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅದನ್ನು ಅನುಚಿತ ವ್ಯಾಪಾರ ಅನ್ನುತ್ತದೆ. ಬಿಲ್ಲಿನಲ್ಲಿ ವಾಪಸಿನ ಅವಧಿ ಹಾಕದಿದ್ದರೆ 30 ದಿನ ಅಂತ ಲೆಕ್ಕ. ಮೊದಲು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡು. ಬಗ್ಗಲಿಲ್ಲ ಅಂದರೆ ಇಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ, ಮಾಲಿಗೆ ಕೊಟ್ಟ ದುಡ್ಡು 5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕವೂ ಇಲ್ಲ, ವಕೀಲರೇ ಬೇಕು ಅಂತಲೂ ಇಲ್ಲ.

"ಇದನ್ನು ಮೊದಲೇ ಹೇಳೋಕೇನಾಗಿತ್ತೋ ನಿಂಗೆ?"

"ಮಿರ್ಚಿ ಬಿಸಿ ಇತ್ತು."

ಸೀನ ಅಲ್ಲೇ ಫೋನ್ ತೆಗೆದ. ಆದರೆ ಮನೆಯಲ್ಲಿ ಬೇರೆಯೇ ತೊಡಕು ಎದ್ದಿದೆಯಂತೆ. ಅಮ್ಮ ಒರಳು ತೊಳೆಸಿದ್ದಾರೆ, ಒರಳಿನ ಚಟ್ನಿ ತಿಂದ ಅಪ್ಪ ಮಿಕ್ಸಿಯೇ ಬೇಡ ಅಂತ ಕೂತಿದ್ದಾರೆ.

"ಒಳ್ಳೇದೇ ಆಯ್ತಲ್ಲ! ರುಬ್ಬೋದು ಯಾರು?"

"ನಾನೇ ಕಣೋ" ಅಂದವನು 1915 ಒತ್ತಿದ.